ಹೆಸರೆತ್ತದೆ ಹಾಕಿದ ಓಟು

ಮಳವಳ್ಳಿಯ ಪುರಸಭೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ತರುಣರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ಚುನಾವಣೆಯ ಕೆಲಸ ಹತ್ತಿರ ಬಂದಿದೆ, ಹಳಬನಾದ ನನ್ನಿಂದ ನಾಲ್ಕು ಮಾತು ಕೇಳಿಕೊಂಡು ಹೋಗಬೇಕು ಎಂಬುದು ಅವರ ಅಪೇಕ್ಷೆ. ಕಾಫಿ ಕುಡಿಯುತ್ತ ಅವರಲ್ಲೊಬ್ಬ ನಗುತ್ತ ಕೇಳಿದ:

“ಸಾರ್, ಹಿಂದೆ ಮಾದಪ್ಪ ಅನ್ನೋರು ಎಲೆಕ್ಷನ್‌ಗೆ ನಿಂತಿದ್ರಂತೆ. ಹೆಂಗಸ್ರು ಅವರ ಹೆಸರು ಹೇಳೋಕೆ ನಾಚ್ಕೊಂಡು ಓಟೇ ಹಾಕ್ದೆ ಸೋಲಿಸ್ಬಿಟ್ರಂತೆ. ಹೌದಾ?”

“ಯಾರು ಹೇಳಿದರು?” ಎಂದೆ.

“ಎಲ್ಲರೂ ಹೇಳ್ತಾರೆ ಸಾರ್.”

ಈ ‘ಎಲ್ಲರೂ’ ಎಂಬುವವರನ್ನು ನಾನು ನೌಕರಿಯುದ್ದಕ್ಕೂ ಹುಡುಕಿದ್ದೇನೆ. ಯಾವ ವಿಚಾರಣೆಗೂ ಅವರು ಸಾಕ್ಷಿ ಹೇಳಲು ಬಂದದ್ದಿಲ್ಲ. ಯಾವ ಮಾತನ್ನೇ ಆಗಲಿ ನಂಬುವ ಮೊದಲು, ಹೇಳಿದವನು ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದ ಎಂದು ಕೇಳಬೇಕು. ಬಾಗಿಲ ಹೊರಗೆ ನಿಂತಿದ್ದವನು ಒಳಗಿನದನ್ನು ಹೇಳುತ್ತಿದ್ದರೆ, ಅವನು ಹೇಳುತ್ತಿರುವುದು ತನ್ನ ಊಹೆಯನ್ನು. ಮಾದಪ್ಪನವರ ಚುನಾವಣೆಯ ದಿನ ನಾನು ಬಾಗಿಲ ಒಳಗಿದ್ದೆ. ಆ ತರುಣರಿಗೆ ಅಂದು ಪೂರ್ತಿಯಾಗಿ ಉತ್ತರ ಹೇಳಲಾಗಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ನಾನು ಪೂರಿಗಾಲಿಯವನು. ಶಾಲೆಯಲ್ಲಿ ಕಲಿತದ್ದು ಸ್ವಲ್ಪ. ಉಳಿದದ್ದನ್ನು ಕಚೇರಿಯ ಬೀರುವಿನಲ್ಲಿ ಗೆದ್ದಲು ತಿಂದು ಉಳಿಸಿದ್ದ ಕಾನೂನು ಪುಸ್ತಕಗಳಿಂದ, ಹಳೆಯ ಗೆಜೆಟ್ಟುಗಳಿಂದ, ಒಂದು ಹರಕು ನಿಘಂಟಿನಿಂದ ಕಲಿತೆ. ಸಾವಿರದ ಒಂಬೈನೂರ ಮೂವತ್ತರ ದಶಕದ ಆರಂಭದಲ್ಲಿ ಮಳವಳ್ಳಿ ಪುರಸಭೆಗೆ ಜವಾನನಾಗಿ ಸೇರಿ, ಮುಂದೆ ಗುಮಾಸ್ತೆಯಾಗಿ, ಮದ್ದೂರು ಮಂಡ್ಯಗಳಲ್ಲಿಯೂ ಕೆಲಸ ಮಾಡಿ ನಿವೃತ್ತನಾದೆ. ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಪುರಸಭೆಯ ಕೆಲಸವೆಂದರೆ ಚರಂಡಿ, ಬಾವಿ, ಬೀದಿದೀಪ, ಹುಟ್ಟುಸಾವು, ಮತ್ತು ಇವುಗಳ ಬಗ್ಗೆ ಬೆಳಗಾದರೆ ಜಗಳವಾಡಲು ಬರುವ ಜನ. ಆ ಜನರಲ್ಲಿ ಒಬ್ಬರು ಮಾದಪ್ಪನವರು.

ಅವರದು ಒಕ್ಕಲು ಮನೆತನ. ಪೇಟೆಯಲ್ಲಿ ಒಂದು ಸಣ್ಣ ಎಲೆಯಡಿಕೆ ಅಂಗಡಿ. ಅಂಗಡಿ ತೆರೆದಿರುತ್ತಿತ್ತು, ಒಳಗೆ ಅವರು ಇರುತ್ತಿರಲಿಲ್ಲ. ಎಲೆ ಬೇಕಾದವರು ತಾವೇ ತೆಗೆದುಕೊಂಡು ಕಾಸನ್ನು ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಅವರು ಎಲ್ಲಿ ಎಂದರೆ, ಯಾರದೋ ಅರ್ಜಿ ಹಿಡಿದುಕೊಂಡು ನಮ್ಮ ಕಚೇರಿಯ ಜಗಲಿಯ ಮೇಲೆ. ನಾನು ಸೇರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಅವರು ಅಲ್ಲಿ ಕೂರುತ್ತಿದ್ದರು. ಜಗಲಿಯ ಆ ಕಂಬಕ್ಕೆ ಅವರು ಒರಗಿ ಒರಗಿ ಸುಣ್ಣ ನಿಲ್ಲುತ್ತಿರಲಿಲ್ಲ.

ಅವರನ್ನು ನಾನು ಸರಿಯಾಗಿ ಕಂಡದ್ದು ಕೋಟೆ ಬೀದಿಯ ಬಾವಿಯ ಬಳಿ. ಆ ಬೇಸಿಗೆಯಲ್ಲಿ ವಾಂತಿಭೇದಿ ಹರಡುವ ಭಯವಿತ್ತು. ಬಾವಿಗಳಿಗೆಲ್ಲ ಔಷಧಿ ಹಾಕಬೇಕೆಂದು ಅಪ್ಪಣೆಯಾಯಿತು. ಪುಡಿಯನ್ನು ನೀರಿನಲ್ಲಿ ಕದಡಿ ಬಾವಿಗೆ ಸುರಿದರೆ ನೀರು ತೆಳುವಾದ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಸ್ವಲ್ಪ ಹೊತ್ತಿಗೆ ತಿಳಿಯಾಗಬೇಕು. ನಮ್ಮ ಆರೋಗ್ಯ ಇನ್‌ಸ್ಪೆಕ್ಟರರಿಗೆ ಮಾತ್ರ ಬಣ್ಣ ಕಂಡಷ್ಟೂ ಸಾಲದು. “ಇನ್ನೊಂದಿಷ್ಟು ಹಾಕಯ್ಯ, ಇದು ದೊಡ್ಡ ಬಾವಿ” ಎಂದರು. ಮತ್ತೆ “ಇನ್ನೊಂದಿಷ್ಟು” ಎಂದರು. ಕಡೆಗೆ ಬಾವಿ ನೇರಳೆ ಹಣ್ಣನ್ನು ಹಿಂಡಿದಂತಾಯಿತು. ನೀರಿಗೆ ಬಂದ ಹೆಂಗಸರು ಕೊಡಗಳನ್ನು ಕೆಳಗಿಟ್ಟು ಕಿರುಚಿದರು. ಪುರಸಭೆಯವರು ಬಾವಿಗೆ ರಕ್ತ ಸುರಿದಿದ್ದಾರೆ, ಬಡವರ ಬೀದಿಯನ್ನು ಖಾಲಿ ಮಾಡಿಸುವ ಹೂಟ ಎಂದು ಸುದ್ದಿ ಹಬ್ಬಿತು. ಜನ ಸುತ್ತುವರಿದರು. ಇನ್‌ಸ್ಪೆಕ್ಟರರು ರುಮಾಲು ಸರಿಮಾಡಿಕೊಳ್ಳುತ್ತ ನನ್ನ ಹಿಂದೆ ನಿಂತರು.

ಮಾದಪ್ಪನವರು ಬಂದರು. ಬಾವಿಯೊಳಕ್ಕೆ ಬಗ್ಗಿ ನೋಡಿದರು.

“ಏನ್ಲಾ ಇದು, ಮದ್ವೆ ಓಕುಳಿಯಾ?” ಎಂದು ನನ್ನನ್ನು ಕೇಳಿದರು. “ಇದ ಕುಡುದ್ರೆ ಸಾಯ್ತಾರೇನ್ಲಾ?”

“ಸಾಯೋದಿಲ್ಲ ಮಾದಪ್ಪನವರೆ. ಔಷಧಿ ಹೆಚ್ಚಾಗಿದೆ, ಅಷ್ಟೆ.”

“ಯೆಚ್ಚಾಗಿದ್ರೆ ಯೆಚ್ಚು ಒಳ್ಳೇದು ಬುಡು” ಎಂದರು. ತಾವೇ ಹಗ್ಗ ಬಿಟ್ಟು ನೀರು ಸೇದಿ, ಎಲ್ಲರೂ ನೋಡುತ್ತಿರುವಂತೆ ಒಂದು ಚೊಂಬು ಎತ್ತಿ ಗಟಗಟನೆ ಕುಡಿದರು. ಅವರು ಬಾಯಿ ಒರೆಸಿಕೊಂಡು ಬಾವಿಯ ಕಟ್ಟೆಯ ಮೇಲೆಯೇ ಕುಳಿತರು. “ನಾನ್ ಇಲ್ಲೇ ಕುಂತಿರ್ತೀನಿ ಕಣ್ರವ್ವಾ. ಸಂಜೀಗಂಟ ಬದುಕಿದ್ರೆ ನೀವು ನೀರ್ ತಗಂಡೋಗಿ. ಸತ್ರೆ ಈ ಇನ್‌ಸ್ಪೆಟ್ರ ರುಮಾಲು ತಗಂಡೋಗಿ.”

ಸಂಜೆಯ ಹೊತ್ತಿಗೆ ನೀರೂ ತಿಳಿಯಾಯಿತು, ಜನರೂ ತಿಳಿಯಾದರು. ಮಾದಪ್ಪನವರ ಹಲ್ಲು ನಾಲಗೆಗಳು ಮಾತ್ರ ಬಹಳ ದಿನ ಕಂದುಬಣ್ಣಕ್ಕೆ ತಿರುಗಿದ್ದವು. ಆ ಬೇಸಿಗೆ ಕೋಟೆ ಬೀದಿಯಲ್ಲಿ ವಾಂತಿಭೇದಿಯಿಂದ ಯಾರೂ ಸಾಯಲಿಲ್ಲವೆಂದು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ, ಸತ್ತವರು ಇದ್ದರು. ಆದರೆ ಆ ಬೀದಿ ಆ ಬಾವಿಯನ್ನು ಬಿಟ್ಟು ಕೆರೆಯ ನೀರಿಗೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬೀದಿದೀಪದ ವಿಚಾರವೂ ಹಾಗೆಯೇ. ಅತ್ತ ಬ್ಲಫ್‌ನ ವಿದ್ಯುದಾಗಾರದಲ್ಲಿ ಕರೆಂಟು ಹುಟ್ಟಿ ತಂತಿಯ ಮೇಲೆ ದೂರದೂರಕ್ಕೆ ಹೊರಟುಹೋಗುತ್ತಿತ್ತು. ನಮ್ಮ ಕೆಲವು ಬೀದಿಗಳಲ್ಲಿ ಸೀಮೆಎಣ್ಣೆಯ ದೀಪವೂ ನೆಟ್ಟಗಿರಲಿಲ್ಲ. ಮಾದಪ್ಪನವರು ಅರ್ಜಿಯ ಮೇಲೆ ಅರ್ಜಿ ಕೊಟ್ಟು ಸಾಕಾಗಿ, ಒಂದು ಸಂಜೆ ಪುರಸಭೆಯ ಅಧ್ಯಕ್ಷರಾಗಿದ್ದ ಅಮಲ್ದಾರರನ್ನು “ಒಂದು ಬಾವಿ ಕಟ್ಟೆ ನೋಡ್ಕಂಡು ಬರಾನ ಬನ್ನಿ ಬುದ್ದಿ” ಎಂದು ಕರೆದುಕೊಂಡು ಹೋದರು. ಹೋಗುವಾಗ ಬೆಳಕಿತ್ತು. ಬರುವಾಗ ಅಮಲ್ದಾರರ ಒಂದು ಕಾಲು ಮೊಣಕಾಲಿನವರೆಗೂ ಚರಂಡಿಯಲ್ಲಿತ್ತು. ದೀಪಕ್ಕೆ ಮಂಜೂರಾತಿ ಮರುದಿನವೇ ಆಯಿತು. ಅಮಲ್ದಾರರು ಸಹಿ ಮಾಡುತ್ತ, “ಆ ಮನುಷ್ಯ ಬೇಕೆಂದೇ ಹೊತ್ತು ಮಾಡಿದ” ಎಂದರು, ಆದರೆ ನಗುತ್ತಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯ ಯಜಮಾನ ಸತ್ತರೆ ಖಾತೆ ಹೆಂಡತಿಯ ಹೆಸರಿಗೆ ಬರುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಕಾನೂನು ಅಡ್ಡಿಯಿಲ್ಲದ ಕಡೆಯೂ ಮೈದುನರು, ದಾಯಾದಿಗಳು ಮೊದಲು ಕಚೇರಿಗೆ ಬಂದುಬಿಡುತ್ತಿದ್ದರು. ಪ್ಲೇಗು ಬಂದುಹೋದ ವರ್ಷಗಳಲ್ಲಿ ಇಂಥ ಹೆಂಗಸರು ಬಹಳ ಮಂದಿಯಾದರು. ಮಾದಪ್ಪನವರು ಅವರನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆತರುತ್ತಿದ್ದರು. ಗುಮಾಸ್ತೆ ಕೇಳುವ ಮೊದಲ ಪ್ರಶ್ನೆಯೇ ತೊಡಕು: “ಸತ್ತ ಗಂಡನ ಹೆಸರೇನು?”

ಇಂದಿನ ಹುಡುಗರಿಗೆ ಇದು ತಿಳಿಯದಿರಬಹುದು. ಆಗ ನಮ್ಮ ಸೀಮೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ; ಮಾವನದೂ ಭಾವನದೂ ಹೇಳುತ್ತಿರಲಿಲ್ಲ. ಗಂಡ ಸತ್ತ ಮೇಲೆ ಆ ಕಟ್ಟು ಇನ್ನೂ ಬಿಗಿಯಾಗುತ್ತಿತ್ತು. ಅದೇ ಹೆಸರು ಬೇರೆ ಯಾರದಾಗಿದ್ದರೂ ಹೇಳುವಂತಿರಲಿಲ್ಲ. ನಮ್ಮಲ್ಲಿ ಮನೆಗೊಬ್ಬ ಮಾದಪ್ಪ, ಮಾದಯ್ಯ, ಇಲ್ಲವೆ ದೊಡ್ಡಮಾದ. ಅಂಥ ಮನೆಯ ಹೆಂಗಸರು, ಊರೆಲ್ಲ ಮಾದಪ್ಪನೆಂದೇ ಕರೆಯುವ ಬೆಟ್ಟದ ದೇವರಿಗೆ ಕೈ ಮುಗಿಯುವಾಗಲೂ “ಏಳುಮಲೆ ಸ್ವಾಮಿ” ಎನ್ನುವರೇ ಹೊರತು, ಅವನ ಹೆಸರೆತ್ತುತ್ತಿರಲಿಲ್ಲ. ಹೆಸರು ಹೇಳಲೇಬೇಕಾದ ಕಡೆ ಪಕ್ಕದಲ್ಲಿದ್ದವರು ಯಾರಾದರೂ ಹೇಳಬೇಕು, ಅವಳು ತಲೆಯಾಡಿಸಬೇಕು.

ಕಚೇರಿಯಲ್ಲಿ ಆ ‘ಪಕ್ಕದಲ್ಲಿದ್ದವರು’ ಮಾದಪ್ಪನವರು. ಗುಮಾಸ್ತೆ ಪ್ರಶ್ನೆ ಕೇಳಿದೊಡನೆ ಆಕೆ ಸೆರಗನ್ನು ಬಾಯಿಗಿಟ್ಟುಕೊಳ್ಳುವಳು. ಇವರು ಒಂದು ಹೆಜ್ಜೆ ಮುಂದೆ ಬಂದು, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು, ಸತ್ತವನ ಹೆಸರನ್ನು ಸ್ಪಷ್ಟವಾಗಿ ಹೇಳುವರು. ಮದುವೆಯಲ್ಲಿ ಪುರೋಹಿತರು ಗೋತ್ರ ಹೇಳುವಾಗಿನ ಗಾಂಭೀರ್ಯವಿರುತ್ತಿತ್ತು ಅದರಲ್ಲಿ. ಹೀಗೆ ಎಷ್ಟು ಹೆಸರು ಹೇಳಿದರೋ, ನಾನು ಲೆಕ್ಕವಿಟ್ಟಿಲ್ಲ.

ಈ ಖಾತೆಗಳಿಂದ ಯಾರೂ ಎಣಿಸದ ಒಂದು ಪರಿಣಾಮವಾಯಿತು. ಆ ಕಾಲದಲ್ಲಿ ಪುರಸಭೆಗೆ ಓಟು ಎಲ್ಲರಿಗೂ ಇರಲಿಲ್ಲ; ಕಂದಾಯ ಕಟ್ಟುವ ಆಸ್ತಿ ತಮ್ಮ ಹೆಸರಿನಲ್ಲಿದ್ದವರಿಗೆ ಮಾತ್ರ. ಖಾತೆ ಬಂದ ಹೆಂಗಸರಿಗೆ ಓಟೂ ಬಂತು. ಮುಂದಿನ ಚುನಾವಣೆಗೆ ನಮ್ಮ ಭಾಗದಿಂದ ಅಕ್ಕಿ ಗಿರಣಿಯ ಪುಟ್ಟಸ್ವಾಮಿಯವರು ನಿಂತರು. ಬೀದಿಯವರು ಮಾದಪ್ಪನವರನ್ನು ಹಿಡಿದುಕೊಂಡರು. “ಜಗಲೀಲಿ ಕುಂತು ಎಷ್ಟ್ ದಿನ ಅರ್ಜಿ ಕೊಟ್ಟೀರಿ? ಒಳೀಕೆ ಓಗಿ ಕುರ್ಚೀಲಿ ಕುಂತ್ಕಳಿ” ಎಂದರು. ಅವರು ಬಹಳ ದಿನ ಒಪ್ಪಲಿಲ್ಲ. ಕೋಟೆ ಬೀದಿಯ ಬಾವಿ ಬತ್ತುತ್ತ ಬಂದಿತ್ತು. ಅಲ್ಲಿಗೆ ನಲ್ಲಿ ಹಾಕಿಸಬೇಕೆಂಬ ಅರ್ಜಿ ಮೂರು ಸಭೆಗಳಲ್ಲಿ ಬಿದ್ದುಹೋಗಿತ್ತು. ಅದೊಂದಕ್ಕಾಗಿ ಒಪ್ಪಿದರು. ಗೆದ್ದರೆ ನಲ್ಲಿ, ಸೋತರೆ ಮತ್ತೆ ಜಗಲಿ. ಪಣ ಇಷ್ಟೇ.

ಓಟು ಹಾಕುವ ಕ್ರಮ ಈಗಿನಂತಿರಲಿಲ್ಲ. ಚಿಹ್ನೆಗಳು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಓದು ಬಲ್ಲವರು ಚೀಟಿಯಲ್ಲಿ ಬೇಕಾದ ಹೆಸರಿಗೆ ಗುರುತು ಹಾಕುತ್ತಿದ್ದರು. ಓದು ಬಾರದವರು ಅಧಿಕಾರಿಯ ಮುಂದೆ ಬಂದು ಉಮೇದುವಾರನ ಹೆಸರನ್ನು ಬಾಯಿಂದ ಹೇಳಬೇಕು. ಅಧಿಕಾರಿ ಗುರುತು ಹಾಕಿ ಚೀಟಿಯನ್ನು ಪೆಟ್ಟಿಗೆಗೆ ಬಿಡಬೇಕು. ಪಕ್ಕದವರು ಹೇಳಿಕೊಡುವಂತಿಲ್ಲ, ಅದು ಗುಟ್ಟಿನ ಕೆಲಸ. ಹೆಂಗಸರಿಗೆ ಶಾಲೆಯ ಒಂದು ಕೋಣೆಯಲ್ಲಿ ಬೇರೆ ಏರ್ಪಾಡಾಗಿತ್ತು. ಬಾಗಿಲಿಗೆ ಜಮಖಾನದ ಮರೆ. ಒಳಗೆ ಇದ್ದವರು ಇಬ್ಬರೇ: ಮದ್ದೂರಿನಿಂದ ನೇಮಕವಾಗಿ ಬಂದಿದ್ದ ಚುನಾವಣಾಧಿಕಾರಿಗಳು, ಮತ್ತು ಪಟ್ಟಿಯಲ್ಲಿ ಹೆಸರು ನೋಡಿ ಹೇಳುವ ನಾನು. ಉಮೇದುವಾರರ ಕಡೆಯ ಗಂಡಸರು ಮರೆಯ ಹೊರಗೆ.

ಆ ಅಧಿಕಾರಿಗಳು ಮುಚ್ಚುಗೋಟಿನ, ಬಿಳಿಯ ಜರಿಪೇಟದ, ಬಹಳ ಕಟ್ಟುನಿಟ್ಟಿನ ಮನುಷ್ಯರು. ನಿಯಮದ ಪುಸ್ತಕ ಮೇಜಿನ ಮೇಲಿತ್ತು. ಬೆಳಗ್ಗೆಯೇ ನನ್ನಿಂದ ಪ್ರಮಾಣ ಮಾಡಿಸಿದ್ದರು: ಈ ಕೋಣೆಯಲ್ಲಿ ಯಾರು ಯಾರಿಗೆ ಓಟು ಕೊಟ್ಟರೆಂಬುದನ್ನು ಹೊರಗೆ ಬಾಯಿ ಬಿಡುವಂತಿಲ್ಲ.

ಮೊದಲು ಬಂದವರು ಕೋಟೆ ಬೀದಿಯ ಒಬ್ಬ ಅಜ್ಜಿ. ಅವರ ಹೆಸರನ್ನು ನಾನು ಬರೆಯುವುದಿಲ್ಲ.

“ಯಾರಿಗಮ್ಮ ನಿಮ್ಮ ಓಟು?” ಎಂದರು ಅಧಿಕಾರಿಗಳು.

ಅಜ್ಜಿ ಸೆರಗನ್ನು ಬಾಯಿಗಿಟ್ಟರು.

“ಹೆಸರು ಹೇಳಬೇಕಮ್ಮ.”

“ಅವ್ರು... ಅವರ್ಗೆ ಬುದ್ದಿ.”

“ಅವರು ಅಂದರೆ?”

“ನಮ್ ಯಜಮಾನ್ರ ಯೆಸ್ರೇ ಬುದ್ದಿ ಅವರ್ದೂ. ನಾನೆಂಗ್ ಯೋಳ್ಲಿ?” ಎಂದು ನನ್ನ ಕಡೆ ನೋಡಿದರು, ಕಚೇರಿಯಲ್ಲಿ ಮಾದಪ್ಪನವರ ಕಡೆ ನೋಡುತ್ತಿದ್ದ ಹಾಗೆ. ನಾನು ಹೇಳಿಕೊಡುವಂತಿರಲಿಲ್ಲ.

“ಹೆಸರು ಹೇಳದಿದ್ದರೆ ಗುರುತು ಹಾಕಲಾಗುವುದಿಲ್ಲ ತಾಯಿ. ನಿಯಮ ಹಾಗಿದೆ” ಎಂದರು ಅಧಿಕಾರಿಗಳು, ಬೇಸರವಿಲ್ಲದ ದನಿಯಲ್ಲಿ. ಅಜ್ಜಿ ಮರೆಯನ್ನು ಸರಿಸಿ ಹೊರಟುಹೋದರು. ಹೊರಗೆ ಯಾರೋ ಗಂಡಸು ಜೋರಾಗಿ ನಕ್ಕದ್ದು ಕೇಳಿಸಿತು. ಊರು ಈ ಹೊತ್ತಿಗೂ ಹೇಳುತ್ತಿರುವ ಕಥೆ ಹುಟ್ಟಿದ್ದು ಆ ನಗೆಯಲ್ಲಿ. ಅದು ಅಲ್ಲಿಗೇ ನಿಂತುಹೋಗಿದೆ; ಮುಂದಿನದು ಆ ಕಥೆಗೆ ಗೊತ್ತಿಲ್ಲ.

ಅಧಿಕಾರಿಗಳು ಲೇಖನಿಯನ್ನು ಕೆಳಗಿಟ್ಟರು. ನಿಯಮದ ಪುಸ್ತಕವನ್ನು ತೆರೆದು ಆ ಪುಟವನ್ನು ಓದಿದರು. ಮುಚ್ಚಿದರು. ಕಿಟಕಿಯ ಆಚೆ ನೋಡುತ್ತ ತಮ್ಮಷ್ಟಕ್ಕೆ ಎಂಬಂತೆ ನುಡಿದರು: “ನನಗೆ ಮದುವೆಯಾಗಿ ಮೂವತ್ತು ವರ್ಷವಾಯಿತು. ನಮ್ಮ ಮನೆಯಲ್ಲಿ ನನಗೆ ‘ಇಲ್ನೋಡಿ’ ಎಂದೇ ಹೆಸರು. ಮನೆ ತುಂಬ ನೆಂಟರಿದ್ದಾಗಲೂ ಆಕೆ ‘ಇಲ್ನೋಡಿ’ ಎಂದರೆ ನಾನೊಬ್ಬನೇ ತಿರುಗಿ ನೋಡುತ್ತೇನೆ. ಯಾರನ್ನು ಕರೆದರೆಂದು ಇದುವರೆಗೂ ಯಾರಿಗೂ ಸಂದೇಹ ಬಂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಎಂದಿನ ಗಡಸು ದನಿಯಲ್ಲಿ ಹೇಳಿದರು: “ಮತದಾರನ ಮನಸ್ಸಿನಲ್ಲಿರುವವನು ಇಂಥವನೇ, ಬೇರೆಯವನಲ್ಲ ಎಂದು ನನಗೆ ನಿಶ್ಚಯವಾಗಬೇಕು. ನಿಯಮ ಇರುವುದು ಅದಕ್ಕಾಗಿ. ಹೋಗಿ ಆ ತಾಯಿಯನ್ನು ಕರೆದುಕೊಂಡು ಬಾ. ಹೊರಗೆ ಒಂದು ಮಾತೂ ಆಡಬೇಡ.”

ನಾನು ಹೊರಗೆ ಹೋದೆ. ಮಾದಪ್ಪನವರು ಅಂಗಳದಾಚೆ, ನಿಲ್ಲಬಹುದಾದ ಗೆರೆಯ ಹೊರಗೆ, ಹುಣಸೆಮರದ ಕೆಳಗಿದ್ದರು. ಅಜ್ಜಿ ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಅವರ ಕಡೆಯವನೊಬ್ಬ ಕೈ ಕೈ ಹಿಸುಕಿಕೊಳ್ಳುತ್ತಿದ್ದ.

“ನೀವೇ ಒಂದ್ ಮಾತ್ ಯೋಳ್ಬುಡಿ ಮಾದಪ್ಪಣ್ಣ. ‘ದೋಸ ಇಲ್ಲ ಕಣ್ರವ್ವಾ, ಯೆಸ್ರ ಯೋಳಿ’ ಅಂತ. ನೀವ್ ಯೋಳುದ್ರೆ ಯೋಳ್ತಾರೆ. ಇಲ್ದಿದ್ರೆ ಎಲ್ಲಾ ಕೆಟ್ಟೋಯ್ತದೆ!”

“ಸುಮ್ಕಿರ್ಲಾ” ಎಂದರು ಮಾದಪ್ಪನವರು. “ಕಚೇರೀಲಿ ಇವ್ರ ಗಂಡದೀರ ಯೆಸ್ರ ನಾನ್ಯಾಕ್ಲಾ ಯೋಳ್ತಿದ್ದೆ? ಇವ್ರ ಬಾಯಿಗೆ ಬರ್ಬಾರ್ದು ಅಂತ. ಈಗ ನನ್ ಓಟ್‌ಗೋಸ್ಕರ ಯೋಳಿ ಅಂತ ನಾನೇ ಅನ್ಲಾ? ನಲ್ಲಿ ಬರ್ದೆ ಓದ್ರೆ ಬುಡು, ಇನ್ನೊಂದ್ ಅರ್ಜಿ ಕೊಡಾನ.” ಅಜ್ಜಿಯ ಕಡೆ ತಿರುಗಿ, “ನೀ ಮನೀಗ್ ಓಗವ್ವಾ, ಬಿಸ್ಲು” ಎಂದರು.

ಅಷ್ಟು ವರ್ಷದ ಆಸೆ ಕೈಯಿಂದ ಜಾರುತ್ತಿರುವುದನ್ನು ಕಣ್ಣೆದುರಿಗೆ ಕಾಣುತ್ತಿದ್ದ ಮನುಷ್ಯನ ಮಾತು ಅದು. ನಾನು ಬಹಳ ಓದಿದ್ದೇನೆ. ಸತ್ಯವಂತರ, ತ್ಯಾಗಿಗಳ ಕಥೆಗಳನ್ನು ಓದಿ ಅರ್ಧ ನಂಬಿ ಅರ್ಧ ಬಿಟ್ಟಿದ್ದೇನೆ. ಇದನ್ನು ನನ್ನ ಕಿವಿಯಾರೆ ಕೇಳಿದೆ. “ಅಜ್ಜಿ, ಸಾಹೇಬರು ಮತ್ತೆ ಕರೆಯುತ್ತಿದ್ದಾರೆ” ಎಂದಷ್ಟೇ ಹೇಳಿದೆ. ಗದರಿಸಲು ಕರೆದರೆಂದು ಹೊರಗಿದ್ದವರು ಭಾವಿಸಿದರು. ಮಾದಪ್ಪನವರೂ ಹಾಗೆಯೇ ಭಾವಿಸಿದರೆಂದು ಅವರ ಮುಖದಿಂದ ತಿಳಿಯಿತು.

ಒಳಗೆ ಬಂದ ಅಜ್ಜಿಗೆ ಅಧಿಕಾರಿಗಳು ಕುರ್ಚಿ ತೋರಿಸಿದರು. “ಹೆಸರು ಬೇಡ ತಾಯಿ. ಅವರು ಯಾರು ಎಂದು ನನಗೆ ತಿಳಿಯುವ ಹಾಗೆ ಹೇಳಿ.”

ಅಜ್ಜಿ ಸೆರಗನ್ನು ಬಾಯಿಂದ ತೆಗೆದರು. “ಬಾವಿ ಕೆಂಪಾದಾಗ ಮೊದ್ಲು ಕುಡುದ್ರಲ್ಲ ಬುದ್ದಿ, ಅವ್ರು.”

ಅಧಿಕಾರಿಗಳು ನನ್ನನ್ನು ನೋಡಲಿಲ್ಲ. ಇನ್ನೆರಡು ಪ್ರಶ್ನೆ ಕೇಳಿ ನಿಶ್ಚಯ ಮಾಡಿಕೊಂಡು ಗುರುತು ಹಾಕಿದರು. ಮುಂದಿನವರನ್ನು ಕರೆಯೆಂದರು.

ಮಾದಪ್ಪನವರು ಮೊದಲೇ ಹೇಳಿಕೊಟ್ಟು ಹೆಂಗಸರೆಲ್ಲರಿಂದ ಒಂದೇ ಮಾತು ಆಡಿಸಿದರೆಂದೂ ಕೆಲವರು ಹೇಳುತ್ತಾರೆ. ಅದು ಇನ್ನೊಂದು ಸುಳ್ಳು. ಆ ಕೋಣೆಯಲ್ಲಿ ಇಬ್ಬರು ಹೆಂಗಸರ ಬಾಯಿಂದ ಒಂದೇ ಮಾತು ಬರಲಿಲ್ಲ.

“ನಮ್ ಎಮ್ಮೆ ದೊಡ್ಡಿಯಿಂದ ಬುಡಿಸ್ಕೊಟ್ಟೋರು” ಎಂದರು ಒಬ್ಬರು.

“ಎಮ್ಮೆಯನ್ನು ಯಾರು ಬೇಕಾದರೂ ಬಿಡಿಸಿಕೊಡಬಹುದಲ್ಲಮ್ಮ” ಎಂದರು ಅಧಿಕಾರಿಗಳು. “ನಿಂತಿರುವ ಇನ್ನೊಬ್ಬರು ಬಿಡಿಸಿಕೊಟ್ಟಿಲ್ಲವೆ?”

“ಯಾರು, ಗಿರಣಿಯೋರಾ? ಅವ್ರೇ ಕನ ಬುದ್ದಿ ದೊಡ್ಡಿಗೆ ಒಡ್ಸಿದ್ದು!”

ಗುರುತು ಬಿತ್ತು.

“ನಮ್ ಸೊಸೆಗೆ ಬುದ್ಧಿ ಯೋಳ್ದೋರು” ಎಂದರು ಮತ್ತೊಬ್ಬರು.

“ಸೊಸೆ ಕೇಳಿದಳೆ?”

“ಎಲ್ ಕೇಳುದ್ಲು! ಆದ್ರೂ ಯೋಳುದ್ರಲ್ಲ, ನನ್ ಪರ ಇನ್ನ್ಯಾರ್ ಯೋಳಿದ್ರು?”

ಒಬ್ಬರು ಮಾತೇ ಆಡದೆ ಕಿಟಕಿಯ ಹತ್ತಿರ ಹೋಗಿ, ಅಲ್ಲಿಂದ ಕಾಣುತ್ತಿದ್ದ ಬೀದಿದೀಪದ ಕಂಬವನ್ನು ತೋರಿಸಿ ಕೈ ಮುಗಿದರು. ಒಬ್ಬರು ಬಂದವರೇ “ಪುಟ್ಟಸ್ವಾಮಿ” ಎಂದು ಸ್ಪಷ್ಟವಾಗಿ ಹೇಳಿ ಹೋದರು. ಅವರ ಓಟು ಅವರದು, ಅದನ್ನೂ ಬರೆಯುವುದು ನ್ಯಾಯ. ಮತ್ತೊಬ್ಬರು, ನನಗಿಂತ ಸ್ವಲ್ಪ ಹಿರಿಯರಿರಬೇಕು, ತಲೆ ತಗ್ಗಿಸಿಕೊಂಡೇ ಹೇಳಿದರು:

“ಪ್ಲೇಗ್‌ನಾಗೆ ನಮ್ಮೋರು ಓದಾಗ ಅಣ್ತಮ್ದೀರು ಯಾರೂ ಅತ್ರ ಬರ್ನಿಲ್ಲ ಬುದ್ದಿ. ಮೂರ್ ಜನ ಆದ್ರು. ನಾಕ್ನೇ ಎಗಲು ಅವರ್ದು.”

ಅಧಿಕಾರಿಗಳು ಪ್ರಶ್ನೆ ಕೇಳಲಿಲ್ಲ. ಗುರುತು ಹಾಕಿದರು. ಆಕೆ ಹೋದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, “ಇವರನ್ನು ನಾನು ನೋಡಿಯೇ ಇಲ್ಲ” ಎಂದರು. “ಎತ್ತರವೋ ಕುಳ್ಳೋ ಅದೂ ತಿಳಿಯದು. ಆದರೆ ಈ ಊರಿನಲ್ಲಿ ಇವರಷ್ಟು ನನಗೆ ಗೊತ್ತಿರುವವರು ಇನ್ನಾರೂ ಇಲ್ಲ.”

ನನಗೂ ಹಾಗೆಯೇ ಆಗಿತ್ತು. ಆ ಮನುಷ್ಯರನ್ನು ದಿನವೂ ಜಗಲಿಯ ಮೇಲೆ ಕಂಡಿದ್ದವನು ನಾನು. ಅವರ ಅರ್ಜಿಗಳೆಲ್ಲ ನನ್ನ ಕೈ ದಾಟಿ ಹೋಗಿದ್ದವು. ಆದರೆ ಅರ್ಜಿಯಾಗದ ಎಷ್ಟೊಂದು ಅವರಲ್ಲಿತ್ತು ಎಂಬುದು ಆ ಜಮಖಾನದ ಮರೆಯಲ್ಲಿ ಕುಳಿತಾಗ ತಿಳಿಯಿತು. ಹೆಸರೊಂದನ್ನು ಹೇಳಿ ಹೋಗುವಂತಿದ್ದರೆ ಇದಾವುದನ್ನೂ ಅವರು ಹೇಳುತ್ತಿರಲಿಲ್ಲ. ಮುಂದೆ ಚಿಹ್ನೆಗಳು ಬಂದವು. ಮುದ್ರೆಯೊತ್ತಿ ಮಡಿಸಿ ಹಾಕಿದರಾಯಿತು. ಕ್ರಮ ಬಹಳ ಸುಧಾರಿಸಿತೆಂದು ನಾನೇ ಸಾರಿ ಹೇಳಿದ್ದೇನೆ. ಆದರೆ ಅಂದು ಕೇಳಿದಂಥದನ್ನು ಯಾವ ಮತಗಟ್ಟೆಯಲ್ಲೂ ಮತ್ತೆ ಕೇಳಲಿಲ್ಲ.

ಕೊನೆಯಲ್ಲಿ ಬಂದವರು ಕೆಂಪಮ್ಮನವರು, ಮಾದಪ್ಪನವರ ಹೆಂಡತಿ. ವಾಸದ ಮನೆ ಅವರ ತಂದೆ ಕೊಟ್ಟದ್ದಾದ್ದರಿಂದ ಖಾತೆ ಅವರ ಹೆಸರಿನಲ್ಲಿತ್ತು. ಅವರು ಯಾರ ಹೆಂಡತಿಯೆಂದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ.

“ಯಾರಿಗಮ್ಮ?”

“ಯಾವತ್ತೂ ಮನೇಲಿ ಇರ್ದೇ ಇರೋರ್ಗೆ” ಎಂದರು ಕೆಂಪಮ್ಮನವರು, ಒಲೆಯ ಮುಂದಿನ ಸಿಡುಕಿನಲ್ಲಿ.

ಅಧಿಕಾರಿಗಳು ತಲೆಯೆತ್ತಿ ಅವರನ್ನೊಮ್ಮೆ ನೋಡಿದರು. ಎದ್ದು ನಿಂತು, ಒಂದೂ ಪ್ರಶ್ನೆ ಕೇಳದೆ, ನಿಂತೇ ಗುರುತು ಹಾಕಿದರು.

ಎಣಿಕೆಗೆ ಮುಂಚೆ ಗಂಡಸರ ಪೆಟ್ಟಿಗೆ, ಹೆಂಗಸರ ಪೆಟ್ಟಿಗೆ ಎರಡನ್ನೂ ಒಂದೇ ಕಡೆ ಸುರಿದು ಬೆರೆಸುವುದು ಪದ್ಧತಿ. ಯಾವ ಚೀಟಿ ಯಾವ ಪೆಟ್ಟಿಗೆಯದೆಂದು ಆಮೇಲೆ ಯಾರಿಗೂ ತಿಳಿಯದು. ಮಾದಪ್ಪನವರು ಸೋತರು. ದೊಡ್ಡ ಅಂತರವಲ್ಲ, ಆದರೂ ಸೋಲು. ಬೆಳಗ್ಗೆ ಕೇಳಿದ್ದ ನಗೆ ಸಂಜೆಗೆ ಕಥೆಯಾಯಿತು: ಹೆಂಗಸರ ಬಾಯಿ ಬರಲಿಲ್ಲ, ಮಾದಪ್ಪ ಕೆಟ್ಟ. ಹಾಗೆ ಹೇಳಿದವರಲ್ಲಿ ಅವರ ಅಂಗಡಿಯ ಎಲೆ ಜಗಿದವರಿದ್ದರು, ಅವರು ಬರೆಸಿದ ಅರ್ಜಿಗಳಿಂದ ಮನೆ ಉಳಿಸಿಕೊಂಡವರಿದ್ದರು. ಹೆಂಗಸರ ಕೋಣೆಯಲ್ಲಿ ಏನಾಯಿತೆಂದು ಬಲ್ಲ ನಾನು ಉಳಿದ ಲೆಕ್ಕವನ್ನು ಸುಲಭವಾಗಿ ಮಾಡಬಲ್ಲೆ. ಗಂಡಸರಿಗೆ ಅವರ ಹೆಸರು ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

ಆದರೆ ಪ್ರಮಾಣ ಪ್ರಮಾಣವೇ. ನಾನು ಬಾಯಿ ಬಿಡಲಿಲ್ಲ. ಹೆಂಗಸರು ಮಾದಪ್ಪನವರನ್ನು ಕಂಡಾಗ “ಆಕುದ್ವಿ ಕಣಪ್ಪ” ಎಂದರಂತೆ. ಮರ್ಯಾದೆಗೆ ಹಾಗೆ ಅನ್ನುತ್ತಾರೆಂದು ಅವರು ತಿಳಿದುಕೊಂಡರು. ಮರುದಿನ ಬೆಳಗ್ಗೆ ನಾನು ಕಚೇರಿಗೆ ಹೋದಾಗ ಅವರು ಆ ಕಂಬಕ್ಕೆ ಒರಗಿ ಕುಳಿತಿದ್ದರು. ಕೈಯಲ್ಲಿ ನಲ್ಲಿಯ ಅರ್ಜಿ.

ಕೆಲವು ತಿಂಗಳ ಮೇಲೆ, ಬಾವಿಯ ಹೂಳೆತ್ತುವ ಕೆಲಸದ ಬಗ್ಗೆ ಮಾತಾಡಲು ನಾನು ಒಂದು ಬೆಳಗ್ಗೆ ಅವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಹೊಸ ಹಗ್ಗಕ್ಕೆ ಕುಣಿಕೆ ಹಾಕುತ್ತಿದ್ದರು. ಕೆಂಪಮ್ಮನವರು ನನಗೆ ಮಜ್ಜಿಗೆ ತಂದುಕೊಟ್ಟರು. ಮಾತು ಎಲ್ಲೆಲ್ಲಿಯೋ ಸುತ್ತಿ ಚುನಾವಣೆಗೆ ಬಂತು.

“ಪಾಪ, ಎಂಗುಸ್ರು” ಎಂದರು ಮಾದಪ್ಪನವರು. “ನಮ್ಮವ್ವ ನಂಗೆ ಬ್ಯಾರೆ ಯೆಸ್ರ ಮಡುಗಿದ್ರೆ ಆಗ್ತಿತ್ತು. ಅವರ್ಗೆ ಮನಸಿತ್ತು, ಬಾಯ್ ಬರ್ನಿಲ್ಲ. ಅವ್ರ ತೆಪ್ಪೇನಿಲ್ಲ ಬುಡು.”

ನಾನು ಮಜ್ಜಿಗೆಯ ಲೋಟವನ್ನು ನೋಡುತ್ತ ಕುಳಿತೆ. ನನ್ನ ಬಾಯಿಗೆ ಕಟ್ಟಿತ್ತು. ಮತ ಕೊಟ್ಟವರಿಗೆ ಕಟ್ಟಿಲ್ಲವಲ್ಲ.

“ಯಾರ್ ಯೋಳುದ್ರು ಬಾಯ್ ಬರ್ನಿಲ್ಲ ಅಂತ?” ಎಂದರು ಕೆಂಪಮ್ಮನವರು ಬಾಗಿಲಲ್ಲಿ ನಿಂತು. “ನಂಗ್ ಬಂತಲ್ಲ.”

ಮಾದಪ್ಪನವರು ನಕ್ಕರು. “ನೀನಾ? ನೀ ಎಂಗಮ್ಮಿ ಯೋಳ್ದೆ ನನ್ ಯೆಸ್ರ?”

“ಯೆಸ್ರ ಯಾಕ್ ಯೋಳ್ಳಿ? ‘ಯಾವತ್ತೂ ಮನೇಲಿ ಇರ್ದೇ ಇರೋರ್ಗೆ’ ಅಂದೆ. ಸಾಯೇಬ್ರು ಎದ್ನಿಂತು ಆಕುದ್ರು.”

“ಅಷ್ಟಕ್ಕೇ ಒಪ್ಕಂಡ್ರಾ?”

“ಅಂಗಿರೋರು ಈ ಊರಾಗೆ ಇನ್ಯಾರವ್ರೆ?” ಎಂದು ಹೇಳಿ ಕೆಂಪಮ್ಮನವರು ಒಳಗೆ ಹೋದರು.

ಮಾದಪ್ಪನವರು ಜೋರಾಗಿ ನಗಲು ಹೊರಟವರು ಅರ್ಧದಲ್ಲಿ ನಿಲ್ಲಿಸಿದರು. ಹಗ್ಗದ ಮೇಲಿನ ಕೈ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದರು. “ಅಂಗಾರೆ... ಮಿಕ್ಕೋರೂ...” ಎಂದರು. ಮುಂದೆ ಕೇಳಲಿಲ್ಲ. ನಾನು ಉತ್ತರ ಕೊಡಲಿಲ್ಲ. ಕಣ್ಣನ್ನು ಮಾತ್ರ ಅವರ ಕಣ್ಣಿನಿಂದ ತೆಗೆಯಲಿಲ್ಲ. ಪ್ರಮಾಣದಲ್ಲಿ ಕಣ್ಣಿನ ವಿಚಾರ ಬರೆದಿರಲಿಲ್ಲ.

ಅವರು ಬೀದಿಯ ಕಡೆ ನೋಡಿದರು. ಕೊಡ ಹೊತ್ತ ಹೆಂಗಸರು ಬಾವಿಯಿಂದ ಬರುತ್ತಿದ್ದರು. ಎಂದಿನಂತೆ ಅವರನ್ನು ಕಂಡು ಸೆರಗು ಸರಿಮಾಡಿಕೊಂಡು ಹಾದುಹೋದರು. ಕಡೆಯ ಹೆಂಗಸು ತಿರುವು ದಾಟುವವರೆಗೂ ಮಾದಪ್ಪನವರು ನೋಡಿದರು. ಆಮೇಲೆ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು. ನಾನು ಹೇಳದೆ ಎದ್ದು ಬಂದೆ.

ಅಂದು ಸಂಜೆಯವರೆಗೂ ಅವರು ಎಲ್ಲಿಗೂ ಹೋಗದೆ ಮನೆಯಲ್ಲಿಯೇ ಇದ್ದರೆಂದು ಆಮೇಲೆ ಕೇಳಿದೆ. ಹೇಳಿದವರು ಬೀದಿಯಲ್ಲಿ ನಿಂತು ಹೇಳಿದವರು. ನಾನು ಕಣ್ಣಾರೆ ಕಂಡದ್ದಲ್ಲ. ಆದ್ದರಿಂದ ನಂಬಿ ಎಂದು ನಿಮಗೆ ಹೇಳಲಾರೆ. ನಾನು ಮಾತ್ರ ನಂಬಿದ್ದೇನೆ.